ಪ್ರೋಬ್ ತೋರಿಸಿದ ಗೋಡೆ

ಮೀಟರಿಗೆ ಸಿಗದ ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಯಾರಾದರೂ ವಿಚಿತ್ರ ಅನುಭವ ಹೇಳಿಕೊಂಡರೆ ಒಳಗೊಳಗೇ ನಗುತ್ತಿದ್ದೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಕೆಲವು ವರ್ಷಗಳ ಹಿಂದೆ ಹರಿಹರದಲ್ಲಿ ಒಂದು ಮಧ್ಯಾಹ್ನ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿಮಗೆ ನಗು ಬಂದರೆ ನನಗೇನೂ ಬೇಸರವಿಲ್ಲ.

ಅಲ್ಲಿನ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಯಿಂದ ಕರೆ ಬಂದಿತ್ತು. ಎಳೆಗೂಸುಗಳ ಕೋಣೆಯಲ್ಲಿ ಎದೆಬಡಿತ ತೋರಿಸುವ ಮಾನಿಟರ್ ಕಾರಣವಿಲ್ಲದೆ ಕೂಗಿಕೊಳ್ಳುತ್ತಿತ್ತು. "ಮಕ್ಳು ಆರಾಮ್ ಅದಾವ್ರಿ ಮೇಡಂ, ಮಷೀನಿಗೇ ಏನೋ ಆಗೈತೆ," ಎಂದರು ಸಿಸ್ಟರ್.

ಮಾನಿಟರ್ ಸರಿಯಾಗಿಯೇ ಇತ್ತು. ಹತ್ತಿರದ ಯಾವುದೋ ವಿದ್ಯುತ್ ಗದ್ದಲ ಅದರೊಳಗೆ ನುಗ್ಗುತ್ತಿರಬೇಕು ಅನ್ನಿಸಿತು. ಅಂಥದ್ದನ್ನು ಹುಡುಕಲು ನನ್ನ ಹತ್ತಿರ ಒಂದು ಪ್ರೋಬ್ ಇತ್ತು: ಪೆನ್ನಿನಂಥ ಹಿಡಿ, ತುದಿಯಲ್ಲಿ ಉಂಗುರದಷ್ಟು ಸುರುಳಿ. ಕೇಬಲ್ಲಿನಿಂದ ಅದನ್ನು ಅನಲೈಸರ್ ಎಂಬ ಪರದೆಯ ಯಂತ್ರಕ್ಕೆ ಸಿಕ್ಕಿಸಿ, ಸರ್ಕ್ಯೂಟಿನ ಮೇಲೆ ತಾಗದಂತೆ ಆಡಿಸಬೇಕು. ಗದ್ದಲ ಹುಟ್ಟುವ ಜಾಗ ಬಂದರೆ ಪರದೆಯ ಮೇಲಿನ ಗೆರೆ ಏಳುತ್ತದೆ.

ಮಾನಿಟರಿನ ಬೋರ್ಡು, ಚಾರ್ಜರು, ಕೂಸುಗಳನ್ನು ಬೆಚ್ಚಗಿಡುವ ಹೀಟರು, ಎಲ್ಲದರ ಮೇಲೂ ಆಡಿಸಿದೆ. ಗೆರೆ ಅಲುಗಲಿಲ್ಲ. ಚಾಲೂ ಇದ್ದ ಚಾರ್ಜರು ಸ್ವಲ್ಪವಾದರೂ ತೋರಿಸಬೇಕಿತ್ತು; ಅವಸರದಲ್ಲಿ ನನಗದು ಹೊಳೆಯಲಿಲ್ಲ. ಬೇಸತ್ತು ಕೈ ಇಳಿಬಿಟ್ಟಾಗ ಸುರುಳಿ ಪಕ್ಕದ ಪ್ಲೈವುಡ್ ಹೊದಿಸಿದ ಗೋಡೆಯತ್ತ ತಿರುಗಿತು. ಗೆರೆ ಪರದೆಯ ನೆತ್ತಿಗೆ ಹಾರಿತು. ಸರಿಸಿದರೆ ಇಳಿಯಿತು, ಮತ್ತೆ ತಂದರೆ ಏರಿತು. ಅಂಗೈ ಇಟ್ಟು ನೋಡಿದೆ. ಗೋಡೆ ಸುಡುತ್ತಿತ್ತು.

"ಸಿಸ್ಟರ್, ಮೊದ್ಲು ಮಕ್ಳನ್ನ ಹೊರಗೆ ಒಯ್ರಿ!" ಎಂದು ಕೂಗಿದೆ. ಅಲ್ಲಿದ್ದ ಮೂರೂ ಕೂಸುಗಳು ತಾಯಂದಿರ ಮಡಿಲು ಸೇರಿದವು. ಮೇನ್ ಆಫ್ ಮಾಡಿಸಿ ಹಲಗೆ ಕಿತ್ತರೆ, ಒಳಗೆ ಸಡಿಲಾದ ವೈರಿನ ಜಾಯಿಂಟು ಕಿಡಿ ಕಾರಿ ಕಾರಿ ಸುಟ್ಟಿತ್ತು. ಹಲಗೆಯ ಹಿಂಬದಿ ಕಪ್ಪಾಗಿ ಕೆಂಡ ಹಿಡಿಯತೊಡಗಿತ್ತು. ಅದರ ಮುಂದೆಯೇ ಆಕ್ಸಿಜನ್ ಸಿಲಿಂಡರು. ಕುಕ್ಕುವಾಡದಿಂದ ಬಂದಿದ್ದ ಬಾಣಂತಿಯೊಬ್ಬಳ ತಾಯಿ ನನ್ನ ಎರಡೂ ಕೈ ಹಿಡಿದು, "ನಿನ್ ಹೊಟ್ಟೆ ತಣ್ಣಗಿರ್ಲವ್ವ," ಎಂದರು.

ಅಂಗಡಿಗೆ ಮರಳಿದ ಮೇಲೆ, ಚಾರ್ಜರಿಗೂ ಗೆರೆ ಏಳದಿದ್ದದ್ದು ನೆನಪಾಗಿ ಪ್ರೋಬಿನ ಕೇಬಲ್ ಪರೀಕ್ಷಿಸಿದೆ. ಒಳಗಿನ ತಂತಿ ಪೂರಾ ತುಂಡಾಗಿತ್ತು. ಕಿಡಿ ಹಾರುವ ಸ್ವಿಚ್ಚಿನ ಪಕ್ಕ ಹಿಡಿದೆ, ಮಿಕ್ಸಿಯ ಮೋಟಾರಿನ ಪಕ್ಕ ಹಿಡಿದೆ, ಗೆರೆ ಏಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ತುಂಡಾಗಿರಬಹುದು ಎಂದುಕೊಂಡು ಕೇಬಲ್ಲಿನ ಸಿಪ್ಪೆ ಸುಲಿದೆ. ತುಂಡಾದ ತಂತಿಯ ಎರಡೂ ತುದಿಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು. ಅದು ಒಂದು ದಿನದ ಮುರಿತವಲ್ಲ, ತಿಂಗಳುಗಳದ್ದು.

ನನಗೆ ಈ ಕೆಲಸ ಕಲಿಸಿದ ಮೇಷ್ಟ್ರು ದೇವರಾಜ ಅರಸು ಬಡಾವಣೆಯಲ್ಲಿದ್ದಾರೆ. ಒಯ್ದು ತೋರಿಸಿದೆ. ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿದರು.

"ಇದ್ರಾಗೆ ಸಿಗ್ನಲ್ ಹೋಗಾಕೆ ಸಾಧ್ಯನೇ ಇಲ್ಲಮ್ಮ."

"ಹಂಗಾರೆ ಗೆರೆ ಹೆಂಗೆ ಎದ್ದಿತು ಸರ್? ನನಗೆ ಕಾರಣ ಬೇಕ್ರಿ."

"ನನಗೂ ಬೇಕು," ಎಂದು ಕೇಬಲ್ಲನ್ನು ಮೆಲ್ಲಗೆ ನನ್ನ ಕೈಗಿಟ್ಟರು.

ಇವತ್ತಿಗೂ ಆ ಕಾರಣ ನಮ್ಮಿಬ್ಬರಿಗೂ ಸಿಕ್ಕಿಲ್ಲ. ಯಾರಿಗೆ ಕೈ ಮುಗಿಯಬೇಕೋ ನನಗೆ ಗೊತ್ತಿಲ್ಲ, ಮುಗಿಯುವುದನ್ನಂತೂ ಬಿಟ್ಟಿಲ್ಲ.