ಹೊಗೆ ಬಡಿದ ಮೂರು ಮರಿ

ನಾನಾಗ ಚಿಕ್ಕವಳು, ಅಕ್ಕನ ಹಳೇ ಲಂಗವನ್ನು ಸೊಂಟದಲ್ಲಿ ಎರಡು ಸುತ್ತು ಮಡಿಚಿ ಉಡುತ್ತಿದ್ದೆ. ಕೊಣನೂರಿನ ಹತ್ತಿರ, ಹೊಳೆ ಬದಿಯಲ್ಲಿ ನಮ್ಮೂರು. ಪಕ್ಕದ ಮನೆ ಅತ್ತೆಯ ತಮ್ಮ ಹಾಸನದ ಒಂದು ಬಂಗಲೆಯಲ್ಲಿ ಅಡುಗೆಗಿದ್ದ. ಅಲ್ಲಿ ಸಾಕಿದ್ದ ಹೆಬ್ಬಾತುಗಳು ಸುಣ್ಣದ ಹಾಗೆ ಬೆಳ್ಳಗಿದ್ದವಂತೆ. ಅವುಗಳ ಆರು ಮೊಟ್ಟೆಯನ್ನು ರಾಗಿ ಹೊಟ್ಟಿನಲ್ಲಿ ಹೂತು ಬಸ್ಸಿನಲ್ಲಿ ತಂದುಕೊಟ್ಟ. ಅತ್ತೆಯ ಮನೆಯಲ್ಲಿ ಕಾವಿಗೆ ಕೂರುವ ಕೋಳಿ ಇರಲಿಲ್ಲ, ನಮ್ಮಲ್ಲಿತ್ತು. ಮೊಟ್ಟೆ ಅವರದು, ಕಾವು ನಮ್ಮ ಕೋಳಿಯದು, ಮರಿ ಅರ್ಧರ್ಧ. ಮೊದಲು ಆರಿಸಿಕೊಳ್ಳುವುದು ಮೊಟ್ಟೆ ಕೊಟ್ಟವರು. ನಮ್ಮ ಕಡೆ ಪಾಲು ಅಂದರೆ ಹೀಗೇ.

ಹೆಬ್ಬಾತಿನ ಮೊಟ್ಟೆ ನನ್ನ ಎರಡು ಮುಷ್ಟಿಯಷ್ಟು ದಪ್ಪ. ಕೋಳಿಗೆ ಅದನ್ನು ಹೊರಳಿಸಲು ಆಗದು. ಆ ಕೆಲಸ ನನಗೆ ಬಿತ್ತು. ಒಂದು ಮಗ್ಗುಲಿಗೆ ಇದ್ದಿಲಿನಿಂದ ಗೀಟು ಎಳೆದು, ಬೆಳಿಗ್ಗೆ ಗೀಟು ಮೇಲೆ, ಸಂಜೆ ಗೀಟು ಕೆಳಗೆ. ಒಂದು ತಿಂಗಳು ಮಾಡಿದೆ. ಕೋಳಿ ಕುಕ್ಕಿ ಕುಕ್ಕಿ ಮುಂಗೈಯೆಲ್ಲ ಗಾಯ.

ಒಂದು ಬೆಳಿಗ್ಗೆ ಕೋಳಿಯ ಹೊಟ್ಟೆಯಡಿಯಿಂದ ಕೀ ಕೀ ಅಂತು. ಆರೂ ಒಡೆದಿದ್ದವು. ಒದ್ದೆ ಮೈ ಆರಿದ ಮೇಲೆ ನೋಡಿದರೆ ಮೂರು ಮರಿ ಅರಿಸಿನದ ಬಣ್ಣ. ಇನ್ನು ಮೂರರ ತಲೆ, ಬೆನ್ನು ಬೂದು.

ಅತ್ತೆ ಸಗಣಿ ಕೈಯನ್ನೂ ತೊಳೆಯದೆ ಓಡಿಬಂದಳು.

"ಅಯ್ಯೋ, ಈ ಮೂರಕ್ಕೆ ಹೊಗೆ ಬಡ್ದೈತೆ! ಇವು ಬಂಗ್ಲೆ ಜಾತಿಯಲ್ಲ ಕಣಣ್ಣ, ಯಾವ್ದೋ ಕೆರೆ ಬಾತು ನುಗ್ಗೈತೆ," ಎಂದು ಅಪ್ಪನಿಗೆ ಹೇಳಿ, ಮೂರು ಹಳದಿ ಮರಿಯನ್ನೂ ಸೆರಗಿಗೆ ತುಂಬಿಕೊಂಡು ನಡೆದಳು.

ಅವ್ವನಿಗೆ ಉರಿಯಿತು. "ಬೆಳ್ಳಗಾಗೋವೆಲ್ಲ ಬಾಚ್ಕೊಂಡೋದ್ಲು. ಈ ಮಸಿ ಮರಿ ಯಾರಿಗ್ ಬೇಕು? ಸಂತೇಲಿ ಮಾರ್ಬುಟ್ಟು ಬನ್ನಿ," ಅಂದಳು.

ಅಪ್ಪ ಕೈ ಹಾಕುವ ಮೊದಲೇ ನಾನು ಮರಿಗಳ ಮೇಲೆ ಮಂಕರಿ ಕವುಚಿ, ಅದರ ಮೇಲೆ ಕೂತುಬಿಟ್ಟೆ.

"ಏಳವ್ವ ಮ್ಯಾಕೆ," ಅಂದ ಅಪ್ಪ.

"ಏಳಾಕಿಲ್ಲ. ಒರಳ್ಸಿದ್ದು ನಾನು, ಕುಕ್ಕಿಸ್ಕೊಂಡಿದ್ದೂ ನಾನು. ಮಸಿಯಾಗ್ಲಿ ಬೂದಿಯಾಗ್ಲಿ, ನಂದು."

ಅಪ್ಪ ನಕ್ಕ. "ನಿಮ್ಮಜ್ಜಿ ಥರಾನೇ ಕಣೇ ನೀನು. ಆಯ್ತು, ಮಳೆಗಾಲ ಮುಗಿಯೋಗಂಟ ಇಟ್ಕೋ. ಆಮ್ಯಾಕೆ ಸಂತೆಗೇಯ."

ಅವನ್ನು ದಿನಾ ಹೊಳೆ ಬದಿಗೆ ನಾನೇ ಅಟ್ಟಿದೆ. ಗರಿಕೆ ಕೀಳುವಾಗ ಚರ್ ಚರ್ ಸದ್ದು, ಮೈಯೆಲ್ಲ ಕೆಸರು ಮತ್ತು ಹಸಿ ಹುಲ್ಲಿನ ವಾಸನೆ. ನಾನು ನಿಂತರೆ ಅವೂ ನಿಲ್ಲುತ್ತಿದ್ದವು. ಎರಡು ತಿಂಗಳಲ್ಲಿ ಬೂದು ತುಪ್ಪಳ ಉದುರಿ ಗರಿ ಬಂತು. ಬಂದ ಗರಿ ಬಿಳಿ. ಒಂದು ಚುಕ್ಕೆಯೂ ಇಲ್ಲ.

ಅತ್ತೆ ಬೇಲಿ ದಾಟಿ ಬಂದಳು. "ನನ್ನ ಮರಿ ಬದಲಾಯ್ಸ್ಕೊಂಡಿದ್ದೀಯಾ, ಕಳ್ಳಿ!"

"ಹಿಂದಕ್ಕೆ ತಿರುಗಿ ನೋಡತ್ತೆ," ಅಂದೆ.

ಅವಳ ಮೂರು ಬಾತು ಅವಳ ಬೆನ್ನ ಹಿಂದೆಯೇ ಬಂದು ನಿಂತಿದ್ದವು. ಅವೂ ಬಿಳಿ. ಎರಡು ಸಲ ಎಣಿಸಿದಳು. ಅಲ್ಲಿ ಮೂರು, ಇಲ್ಲಿ ಮೂರು. ಅವ್ವ ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಹೋದಳು. ಸಂತೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಮುಂದಿನ ವರ್ಷ ನಮ್ಮ ಮೂರೂ ಮೊಟ್ಟೆಯಿಟ್ಟವು. ಅತ್ತೆಯವು ಮೂರೂ ಗಂಡು. ಕತ್ತು ಚಾಚಿ ಬುಸ್ ಅನ್ನುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಆಮೇಲೆ ಅವೂ ನಮ್ಮ ಹಿಂಡಿಗೇ ಬಂದು ಸೇರಿಕೊಂಡವು.

ಯಾಕೆ ಹಾಗಾಯಿತು ಅನ್ನುವುದು ನನಗೆ ಮೊನ್ನೆ ಮೊಮ್ಮಗಳು ಫೋನು ನೋಡಿ ಹೇಳಿದ ಮೇಲೆ ಗೊತ್ತಾಯಿತು. ಆ ಜಾತಿಯಲ್ಲಿ ಬಣ್ಣ ತೆಳುಮಾಡುವ ಗುಣ ಗಂಡುಮರಿಗೆ ತಾಯಿ ತಂದೆ ಇಬ್ಬರಿಂದಲೂ ಬರುತ್ತದಂತೆ, ಹೆಣ್ಣಿಗೆ ತಂದೆಯಿಂದ ಮಾತ್ರ. ಅದಕ್ಕೇ ಹೆಣ್ಣುಮರಿ ಹುಟ್ಟುವಾಗ ಹೆಚ್ಚು ಬೂದು. ಬೆಳೆದ ಮೇಲೆ ಎಲ್ಲವೂ ಬಿಳಿ. ಈಗಿನ ಮಕ್ಕಳು ನೀವು, ಮರಿ ಒಣಗುವಷ್ಟರಲ್ಲಿ ಇದನ್ನೆಲ್ಲ ತಿಳಿದುಕೊಳ್ಳುತ್ತೀರಿ. ಒಳ್ಳೆಯದೇ. ನಮ್ಮ ಕಾಲದಲ್ಲಿ ಅದು ಇರಲಿಲ್ಲ, ಅದೂ ಒಳ್ಳೆಯದೇ ಆಯಿತು. ಅಂಥ ಫೋನು ಆವತ್ತು ಅತ್ತೆಯ ಕೈಯಲ್ಲಿದ್ದಿದ್ದರೆ ಹೊಗೆ ಬಡಿದ ಮೂರನ್ನೂ ಅವಳೇ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಬುಸ್ ಅನ್ನುವ ಮೂರು ಗಂಡಿನ ಮೇಲೆ ಮಂಕರಿ ಕವುಚಿ ಕೂತಿರುತ್ತಿದ್ದೆ.