ಗಂಧ ಹಚ್ಚಿದ ಬ್ಲೇಡು

ನನಗೆ ಕುಳಿತಲ್ಲಿ ಕುಳಿತು ಅಭ್ಯಾಸವಿಲ್ಲ. ಇಡ್ಲಿ ಬೇಯುವ ಮೊದಲೇ ಮತ್ತೆ ಮತ್ತೆ ಮುಚ್ಚಳ ತೆಗೆದು ಅಮ್ಮನಿಂದ ಬೈಸಿಕೊಳ್ಳುವವಳು ನಾನು. ಅಂಥವಳಿಗೆ ಮಣಿಪಾಲದ ಪ್ರಯೋಗಾಲಯದಲ್ಲಿ ಸಿಕ್ಕ ಕೆಲಸವೋ, ಟರ್ಬೈನಿನ ಬ್ಲೇಡನ್ನು ಅದನ್ನು ಹೊತ್ತು ತಿರುಗುವ ಡಿಸ್ಕಿಗೆ ಕರಗಿಸದೆ ಕೂಡಿಸುವುದು. ಎರಡರ ಮುಖಗಳನ್ನೂ ಕನ್ನಡಿಯಂತೆ ಉಜ್ಜಿ, ಗಾಳಿ ತೆಗೆದ ಕುಲುಮೆಯೊಳಗೆ ಒತ್ತಿ ಹಿಡಿದು ಕಾಯಿಸಬೇಕು. ಗಂಟೆಗಟ್ಟಲೆ ಕಾದರೆ ಇದರ ಕಣ ಅದಕ್ಕೆ, ಅದರ ಕಣ ಇದಕ್ಕೆ ದಾಟಿ ಎರಡೂ ಒಂದಾಗುತ್ತವೆ. ನಡುವೆ ಬೆರಳಿನ ಜಿಡ್ಡು ಅಂಟಿದರೂ ಕೆಟ್ಟಿತು.

ಅಪ್ಪ ಕಾಪುವಿನ ಸುತ್ತಮುತ್ತ ಮನೆಗಳಲ್ಲಿ ಪೂಜೆ ಮಾಡಿಸುವ ಪುರೋಹಿತರು. ಚಿಕ್ಕಂದಿನಲ್ಲಿ ಅವರ ಮಡಿ ಕಂಡರೆ ನನಗೆ ಸಿಟ್ಟು. ಮುಟ್ಟಬೇಡ ಎಂದಾಗಲೆಲ್ಲ ಬೇಕೆಂದೇ ಮುಟ್ಟಿ ಓಡುತ್ತಿದ್ದೆ. ಈಗ ಪ್ರಯೋಗಾಲಯದಲ್ಲಿ ದಿನವಿಡೀ ಆ ಮಾತು ಹೇಳುವವಳು ನಾನೇ.

ಆ ವರ್ಷ ಪ್ರಯೋಗಾಲಯದ ಆಯುಧಪೂಜೆಗೆ ಅಪ್ಪನನ್ನೇ ಕರೆಸಿದ್ದೆವು. ನನ್ನ ಬಳಿ ಉಳಿದದ್ದು ಬ್ಲೇಡು-ಡಿಸ್ಕಿನ ಒಂದೇ ಜೋಡಿ. ಹಿಂದಿನವೆಲ್ಲ ಯಂತ್ರದಲ್ಲಿ ಎಳೆದು ನೋಡುವಾಗ ಕೂಡಿದಲ್ಲೇ ಕಿತ್ತು ಬಂದಿದ್ದವು. ಇದೂ ಹೋದರೆ ಸಂಶೋಧನೆಗೆ ಎಳ್ಳುನೀರು ಬಿಡಬೇಕಿತ್ತು. ಉಜ್ಜಿ, ಅಸಿಟೋನಿನಲ್ಲಿ ತೊಳೆದು, ಮುಚ್ಚಿಟ್ಟು, ಗಾಳಿ ತೆಗೆಯುವ ಪಂಪು ನೋಡಲು ಪಕ್ಕದ ಕೋಣೆಗೆ ಹೋದೆ. ಬರುವಷ್ಟರಲ್ಲಿ ಅಪ್ಪ ಮುಚ್ಚಳ ತೆಗೆದು, ಥಳಥಳಿಸುವ ಎರಡೂ ಮುಖಗಳಿಗೆ ಗಂಧ, ಕುಂಕುಮ ಹಚ್ಚಿ ಕೈಮುಗಿದು ನಿಂತಿದ್ದರು.

"ಎಂತ ಮಾಡಿದ್ದು ಅಪ್ಪಾ! ಮುಟ್ಟಬಾರದು ಅಂತ ಗೊತ್ತಾಗುವುದಿಲ್ವಾ ನಿಮಗೆ?" ಕಿರುಚಿದೆ. ಜೊತೆಯವರೆಲ್ಲ ತಿರುಗಿ ನೋಡಿದರು.

"ಸ್ನಾನ ಮಾಡಿಯೇ ಬಂದದ್ದು ಮಗಾ," ಎಂದರು ಅಪ್ಪ. "ಗಂಧವೂ ಈಗಷ್ಟೇ ತೇಯ್ದದ್ದು."

ಒರೆಸಿ ನೋಡಿದರೆ ಮುಖದ ಮೇಲೆ ಸಣ್ಣ ಗೀರುಗಳು. ಮತ್ತೆ ಉಜ್ಜಲು ಕುಳಿತೆ. ಉಜ್ಜಿದಷ್ಟೂ ಲೋಹ ಸವೆಯುತ್ತದೆ, ನಡುವೆ ಸಂದು ಬಿದ್ದರೆ ಕೂಡುವುದಿಲ್ಲ ಎಂಬ ಭಯ ಬೇರೆ. ಕುಲುಮೆಗೆ ಹಾಕಿದ ಮೇಲೆ ಮಾಡಲು ಏನೂ ಇರಲಿಲ್ಲ, ಕಷ್ಟವಾದದ್ದೇ ಅದು. ಒಳಗೆ ಹೊರಗೆ ತಿರುಗಿದೆ. ಚಹಾ ತರಿಸಿ ಕುಡಿಯದೆ ಬಿಟ್ಟೆ. ಕರೆಂಟು ಹೋದರೆ ಎಂದು ಮತ್ತೆ ಮತ್ತೆ ದೀಪ ನೋಡಿದೆ. ಅಪ್ಪ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಊಟಕ್ಕೆ ಕರೆದರೆ, "ಅದೊಂದು ಸರಿಯಾಗಲಿ" ಎಂದರು. ಸಂಜೆ ಅವರು ಬಸ್ಸು ಹತ್ತುವಾಗಲೂ ಊಟ ಮಾಡಿರಲಿಲ್ಲ. ನನ್ನ ಸಿಟ್ಟು ಇಳಿದಿರಲಿಲ್ಲ, ಆದರೂ ಬಸ್ಸು ತಿರುವು ದಾಟುವವರೆಗೆ ನೋಡುತ್ತ ನಿಂತೆ.

ತಣಿದ ಮೇಲೆ ಯಂತ್ರಕ್ಕೆ ಸಿಕ್ಕಿಸಿ ಎಳೆದೆವು. ತುಂಡಾದದ್ದು ಬ್ಲೇಡು; ಕೂಡಿದ ಜಾಗ ಅಲುಗಲಿಲ್ಲ. ಕುಣಿದುಬಿಟ್ಟೆ. ಬ್ಲೇಡಿನ ತುಂಡು ಕಚ್ಚಿಕೊಂಡೇ ಉಳಿದಿದ್ದ ಆ ಸಣ್ಣ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ, ಉಡುಪಿಯಲ್ಲಿ ಬಸ್ಸು ಬದಲಿಸಿ ಮನೆಗೆ ಓಡಿದೆ. ಚಪ್ಪಲಿ ಬಿಡುವ ತಾಳ್ಮೆಯೂ ಇರಲಿಲ್ಲ.

"ಅಪ್ಪಾ, ಹಿಡಿದು ನೋಡಿ, ಬಿಡಲೇ ಇಲ್ಲ!"

ಅಪ್ಪನ ಮುಖ ಅರಳಿತು. ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ನಾನು ಇನ್ನಷ್ಟು ಹತ್ತಿರ ಚಾಚಿದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ನೀನೇ ಹಿಡ್ಕೋ ಮಗಾ. ನನಗೆ ಇಲ್ಲಿಂದಲೇ ಕಾಣ್ತದೆ."