ಏಳು ಖಾಲಿ ಡಬ್ಬಿಗಳು

ನಮ್ಮ ಬಿಲ್ಡಿಂಗಿನಲ್ಲಿ ನೆರೆಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲ. ಧಾರವಾಡ ಬಿಟ್ಟು ಮುಂಬಯಿಯ ಸಯನ್‌ನ ಈ ಮೂರನೇ ಮಹಡಿಗೆ ಬಂದಾಗಿನಿಂದ ಎದುರುಮನೆಯ ಉಡುಪಿಯವಳಿಗೂ ನನಗೂ ಇದು ನಡೆದೇ ಇದೆ. ಅವಳ ಡಬ್ಬಿಯಲ್ಲಿ ಪತ್ರೊಡೆ ಬಂದರೆ ಅದರಲ್ಲೇ ನನ್ನ ಶೇಂಗಾ ಚಟ್ನಿ ಹೋಗಬೇಕು. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಸರಿ. ಅವಳ ಸಾಂಬಾರಿಗೆ ಬೆಲ್ಲ ಜಾಸ್ತಿ ಎಂದು ನಾನು ಮೂಗು ಮುರಿಯುವುದು, ನನ್ನ ಚಟ್ನಿಯ ಖಾರಕ್ಕೆ ಅವಳು ಕಣ್ಣೀರು ಸುರಿಸುವುದು, ಮತ್ತೆ ಡಬ್ಬಿ ಕಳಿಸುವುದು. ಅವಳ ನಾಲ್ಕಾರು ಡಬ್ಬಿ ಯಾವಾಗಲೂ ನನ್ನ ಅಡುಗೆಮನೆಯಲ್ಲಿ ಇದ್ದೇ ಇರುತ್ತವೆ.

ಕೆಲವು ವರ್ಷಗಳ ಹಿಂದೆ ನನಗೆ ಬದುಕು ಬೇಡವಾಗಿತ್ತು. ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸಲಾರೆ. ಮನೆ ಇತ್ತು, ಗಂಡ ಒಳ್ಳೆಯವರು. ಆದರೆ ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ, ಊಟ ರುಚಿಸುತ್ತಿರಲಿಲ್ಲ. ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ ಎಂಬ ಶುದ್ಧ ಸುಳ್ಳು ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮೊದಲೇ ಬಿಗುಮಾನದ ಹೆಂಗಸು ನಾನು, ಯಾರ ಮುಂದೂ ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಅವಳ ಏಳು ಡಬ್ಬಿಗಳನ್ನೂ ತೊಳೆದು, ಒರೆಸಿ, ಅವಳ ಕೈಗಿಟ್ಟೆ. ಯಾರ ಸಾಮಾನೂ ನನ್ನ ಮನೆಯಲ್ಲಿ ಉಳಿಯಬಾರದು ಎಂಬುದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಅವಳು ಒಂದೊಂದರ ಮುಚ್ಚಳವನ್ನೂ ತೆಗೆದು ನೋಡಿದಳು. "ಎಂತ ಅಕ್ಕಾ, ಎಲ್ಲ ಒಟ್ಟಿಗೆ, ಅದೂ ಖಾಲಿ? ಊರಿಗೆ ಹೊರಟಿದ್ದೀರಾ?"

"ಇಲ್ಲ" ಎಂದು ತಿರುಗಿ ಬಂದೆ. ಅವಳೂ ನನ್ನ ಹಿಂದೆಯೇ ಬಂದು ಎದುರಿಗೆ ಕೂತಳು.

"ಅಕ್ಕಾ, ನಿಮಗೆ ಸಾಯ್ಬೇಕು ಅಂತ ಅನಿಸ್ತಾ ಉಂಟಾ?"

ಸಿಟ್ಟು ನೆತ್ತಿಗೇರಿತು. "ಬಾಯಾಗ ಎಂಥಾ ಮಾತ ಬರ್ತಾವ ನಿನಗ! ಎದ್ದ ಹೋಗ ಮೊದಲ" ಎಂದು ಗದರಿಸಿದೆ. ಅವಳು ಏಳಲಿಲ್ಲ. ದೇವರಿದ್ದಾನೆ ಎನ್ನಲಿಲ್ಲ, ನಿಮಗೇನು ಕಡಿಮೆಯಾಗಿದೆ ಎಂದೂ ಕೇಳಲಿಲ್ಲ. ಕೊನೆಗೆ "ಹೌದವಾ" ಎಂಬ ಮಾತು ನನ್ನ ಬಾಯಿಂದ ಬಂತು. ಅದರ ಹಿಂದೆಯೇ ತಡೆಯಲಾಗದ ಅಳು ಬಂತು.

ಆಮೇಲೆ ಅವಳು ನನ್ನನ್ನು ಒಬ್ಬಳನ್ನೇ ಬಿಡಲಿಲ್ಲ. ನನ್ನನ್ನು ಕೇಳಿಯೇ, ನನ್ನೆದುರಿಗೇ, ಗೋರೆಗಾಂವ್‌ನ ಆಫೀಸಿನಲ್ಲಿದ್ದ ನನ್ನ ಗಂಡನಿಗೆ ಫೋನು ಮಾಡಿದಳು. ಅವರು ಲೋಕಲ್ ಹಿಡಿದು ಮನೆ ಮುಟ್ಟುವವರೆಗೆ ನನ್ನ ಕೈ ಹಿಡಿದು ಕೂತಿದ್ದಳು. ಮರುದಿನ ಮೂವರೂ ಮನೋರೋಗದ ಡಾಕ್ಟರ ಹತ್ತಿರ ಹೋದೆವು.

ನಾನು ಸುಧಾರಿಸಿಕೊಳ್ಳಲು ಎರಡು ಮಳೆಗಾಲ ಬೇಕಾದವು. ಆಸ್ಪತ್ರೆಯ ಬೆಂಚಿನ ಮೇಲೆ ಪ್ರತಿ ಸಲವೂ ಅವಳು ಪಕ್ಕದಲ್ಲಿದ್ದಳು, ಬಿಲ್ಡಿಂಗಿನವರ ಚಾಡಿ ಹೇಳುತ್ತ. ಗುಳಿಗೆ ತಗೊಂಡಿರಾ ಎಂದು ದಿನಾ ಬಾಗಿಲಿಗೆ ಬಂದು ಕೇಳುತ್ತಿದ್ದಳು. ನಾನು ರೇಗಿದರೆ ನಕ್ಕು ಹೋಗಿ ಮರುದಿನ ಮತ್ತೆ ಬರುತ್ತಿದ್ದಳು. ನನ್ನ ಒಡಹುಟ್ಟಿದವರೂ ನನಗಾಗಿ ಅಷ್ಟು ಮಾಡಿರಲಿಕ್ಕಿಲ್ಲ. ಅವಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಮೊನ್ನೆ ಕೇಳಿಯೇಬಿಟ್ಟೆ. "ಅವತ್ತ ಅಷ್ಟ ಧೈರ್ಯ ಎಲ್ಲಿಂದ ಬಂತ ನಿನಗ?"

"ಎಂತ ಧೈರ್ಯ ಅಕ್ಕಾ! ನೀವು ಹೌದು ಅಂದ್ರೆ ಮುಂದೆ ಎಂತ ಮಾಡೋದು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಆದ್ರೆ ಕೇಳದೆ ವಾಪಸ್ ಹೋಗ್ಲಿಕ್ಕೆ ಅದಕ್ಕಿಂತ ಹೆಚ್ಚು ಹೆದ್ರಿಕೆ ಆಯ್ತು."